ಕೇಳಿ, ಮಾತಾಡೋಣ: ಮುಂದಿನ ಸಾಲಲ್ಲಿ ಕೂತ ಗೆಳೆಯ

ಹೋದ ಸಂಚಿಕೆಯಲ್ಲಿ, ಗೆಳತಿಯರ ಜೊತೆ ಸ್ಟ್ಯಾಂಡಪ್ ಕಾಮಿಡಿ ನೋಡೋಕೆ ಹೋದ ಒಂದು ಶನಿವಾರದ ರಾತ್ರಿ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಒಂದು ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಅದು ಬೇಕಾಗಿತ್ತು.

ಪ್ರಶ್ನೆ: ಸ್ಟ್ಯಾಂಡಪ್ ಅಂದರೆ ನಮ್ಮ ಹಾಸ್ಯೋತ್ಸವವೇ ಅಲ್ವಾ ಮೇಡಂ? ಹೆಸರು ಮಾತ್ರ ಇಂಗ್ಲಿಷ್. ನಾವು ಗಣೇಶನ ಪೆಂಡಾಲ್‌ನಲ್ಲಿ ಪುಕ್ಕಟೆ ನೋಡಿದ್ದನ್ನು ಮಗ ಬೆಂಗಳೂರಲ್ಲಿ ದುಡ್ಡು ಕೊಟ್ಟು ನೋಡುತ್ತಾನೆ. ಈಗ ನಮ್ಮಿಬ್ಬರನ್ನೂ ಕರೆಯುತ್ತಿದ್ದಾನೆ. ಹೋಗಬಹುದಾ? (ಹಾಸನದಿಂದ ಒಬ್ಬರು ತಾಯಿ)

ಖಂಡಿತ ಹೋಗಿ ಅಮ್ಮ. ಮಗ ತಾನು ನಗುವ ಜಾಗಕ್ಕೆ ನಿಮ್ಮನ್ನೂ ಕರೆಯುತ್ತಿದ್ದಾನಲ್ಲ, ಅದೇ ಸಂತೋಷದ ವಿಷಯ.

ಎರಡೂ ಒಂದೇನಾ ಅಂದರೆ, ಅಣ್ಣತಮ್ಮಂದಿರು ಅನ್ನಬಹುದು. ಗಂಗಾವತಿ ಪ್ರಾಣೇಶ್, ಕೃಷ್ಣೇಗೌಡರು, ಸುಧಾ ಬರಗೂರು, ರಿಚರ್ಡ್ ಲೂಯಿಸ್ ಇವರೆಲ್ಲ ದೊಡ್ಡ ಮೈದಾನದಲ್ಲಿ ಸಾವಿರಾರು ಜನರ ಎದುರು ಮಾತಾಡುವವರು. ಅಲ್ಲಿ ಜೋಕು ಕೊನೆಯ ಸಾಲಿನ ಅಜ್ಜಿಗೂ ತಲುಪಬೇಕು, ಅಮ್ಮನ ಮಡಿಲಲ್ಲಿ ಕೂತ ಮಗುವಿಗೂ ತಲುಪಬೇಕು. ಕೇಳಿದ ಜೋಕನ್ನೇ ಮತ್ತೆ ಕೇಳೋಕೆ ಜನ ಬರುತ್ತಾರೆ. ಬೀchi ಅವರ ತಿಂಮನ ಜೋಕುಗಳನ್ನು ಎಷ್ಟು ಜನ ಎಷ್ಟು ಊರಲ್ಲಿ ಹೇಳಿದ್ದಾರೋ ಲೆಕ್ಕವೇ ಇಲ್ಲ, ಅದರಲ್ಲಿ ತಪ್ಪೂ ಇಲ್ಲ, ಹಾಗೆ ಹೇಳಿ ಹೇಳಿಯೇ ಅವು ಉಳಿದದ್ದು. ಸ್ಟ್ಯಾಂಡಪ್‌ನಲ್ಲಿ ಹಾಗಲ್ಲ. ಅಲ್ಲಿ ಇನ್ನೊಬ್ಬರ ಜೋಕು ಹೇಳಿದರೆ ಕಳ್ಳತನ. ತನ್ನ ಅಮ್ಮ, ತನ್ನ ಪಿಜಿ, ತನ್ನ ಮ್ಯಾನೇಜರ್, ತನ್ನ ಮುರಿದುಬಿದ್ದ ಮದುವೆ ಮಾತುಕತೆ, ಹೀಗೆ ತನಗೆ ಆದದ್ದನ್ನೇ ತಂದು ಅರವತ್ತೋ ಎಂಬತ್ತೋ ಜನರ ಮುಂದೆ ಹೇಳಬೇಕು. ಹಾಗಾಗಿ ಅದು ಪ್ರವಚನದ ಹಾಗೆ ಕೇಳಿಸೋದಿಲ್ಲ, ಪಕ್ಕದ ಮನೆ ಹುಡುಗ ಕಾಂಪೌಂಡ್ ಹತ್ತಿರ ನಿಂತು ಮಾತಾಡಿದ ಹಾಗೆ ಇರುತ್ತದೆ.

ಒಂದು ಮಾತು. ಕೆಲವು ಶೋಗಳಲ್ಲಿ ಭಾಷೆ ಒರಟು. ಬುಕ್‌ಮೈಶೋದಲ್ಲಿ 16 ದಾಟಿದವರಿಗೆ, 18 ದಾಟಿದವರಿಗೆ ಅಂತ ಹಾಕಿರುತ್ತಾರೆ, ಅದನ್ನು ನೋಡಿ ಬುಕ್ ಮಾಡು ಅಂತ ಮಗನಿಗೆ ಹೇಳಿ. ಕನ್ನಡದಲ್ಲೇ ಬೇಕು ಅಂದರೆ ಅದೂ ಇದೆ. ಅನೂಪ್ ಮಯ್ಯ, ನಿರೂಪ್ ಮೋಹನ್, ಪವನ್ ವೇಣುಗೋಪಾಲ್, ಕಾರ್ತಿಕ್ ಪತ್ತಾರ್ ಸೇರಿ ಕಟ್ಟಿದ ತಂಡಕ್ಕೆ ಲಾಲ್‌ಬಾಗ್ ಹೆಸರನ್ನೇ ಒಂಚೂರು ತಿರುಗಿಸಿ ಲೋಲ್‌ಬಾಗ್ ಅಂತ ಇಟ್ಟಿದ್ದಾರೆ. ರಾಘವೇಂದ್ರ ಆಚಾರ್ಯ ಅವರೂ ಕನ್ನಡದಲ್ಲೇ ಮಾಡುತ್ತಾರೆ. ಯೂಟ್ಯೂಬ್‌ನಲ್ಲಿ ಒಂದೆರಡು ನೋಡಿಕೊಂಡು ಹೋಗಿ, ಆಮೇಲೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ನಾವು ಐದು ಜನ ಕಾಲೇಜು ಗೆಳೆಯರು. ನಾಲ್ವರು ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ. ಒಬ್ಬ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಇಲ್ಲೇ ಇದ್ದು, ಅಪ್ಪನಿಗೆ ಹುಷಾರಿಲ್ಲ ಅಂತ ಮಂಡ್ಯ ಹತ್ತಿರದ ತನ್ನ ಊರಿಗೆ ವಾಪಸ್ ಹೋಗಿ ಕಬ್ಬು, ರೇಷ್ಮೆ ನೋಡಿಕೊಳ್ಳುತ್ತಿದ್ದಾನೆ. ವರ್ಷ ಆಗಿತ್ತು ಸಿಕ್ಕಿ, ಬಲವಂತ ಮಾಡಿ ಕರೆಸಿಕೊಂಡು ಇಂದಿರಾನಗರದ ಒಂದು ಸ್ಟ್ಯಾಂಡಪ್ ಶೋಗೆ ಹೋದೆವು. ಮುಂದಿನ ಸಾಲು ಸಿಕ್ಕಿತು. ಕಾಮಿಡಿಯನ್ ಅವನ ಕಡೆ ತಿರುಗಿ ಏನು ಕೆಲಸ ಅಂತ ಕೇಳಿದರು. ವ್ಯವಸಾಯ ಅಂದ. ಮದುವೆ ಆಗಿದೆಯಾ ಅಂದರು. ಇಲ್ಲ ಅಂದ. ನಾನು ಜೋರಾಗಿ ‘ಹದಿನೇಳು ಹುಡುಗಿ ನೋಡಿದ್ದಾನೆ ಸರ್’ ಅಂದುಬಿಟ್ಟೆ. ಇಡೀ ಹಾಲ್ ನಕ್ಕಿತು. ಆಮೇಲೆ ಶೋ ಮುಗಿಯುವವರೆಗೂ ಮೂರು ಸಲ ‘ಹದಿನೇಳು’ ವಾಪಸ್ ಬಂತು. ಅವನೂ ನಗುತ್ತಿದ್ದ. ಹೊರಗೆ ಬಂದ ಮೇಲೆ ಊಟಕ್ಕೂ ನಿಲ್ಲಲಿಲ್ಲ, ಬಸ್ಸಿದೆ ಅಂತ ಹೊರಟ. ಎರಡು ದಿನಕ್ಕೆ ವಾಟ್ಸಾಪ್ ಗ್ರೂಪ್ ಬಿಟ್ಟ. ಫೋನ್ ತೆಗೆಯುತ್ತಿಲ್ಲ. ಕಾಮಿಡಿಯನ್ ಜಾಸ್ತಿ ಮಾಡಿದರು ಅಂತ ಒಬ್ಬ ಅನ್ನುತ್ತಾನೆ. ಇಷ್ಟಕ್ಕೆಲ್ಲ ಮುನಿಸಿಕೊಂಡರೆ ಹೇಗೆ ಅಂತ ಇನ್ನೊಬ್ಬ. ತಪ್ಪು ಯಾರದು? (ಬೆಂಗಳೂರಿನ ಓದುಗ)

ತಪ್ಪಿನ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ, ಇವತ್ತೇ ಮಾಡಿ. ಶೋ ನಡೆಸಿದವರಿಗೆ ಮತ್ತು ಆ ಕಾಮಿಡಿಯನ್‌ಗೆ ಒಂದು ಮೆಸೇಜ್ ಹಾಕಿ, ಆ ಭಾಗವನ್ನು ರೀಲ್ಸ್ ಮಾಡಿ ಹಾಕಬೇಡಿ ಅಂತ ಕೇಳಿಕೊಳ್ಳಿ. ಯಾಕೆ ಅಂದರೆ, ಈಗ ಕಾಮಿಡಿಯನ್‌ಗಳು ಇನ್‌ಸ್ಟಾಗ್ರಾಂನಲ್ಲಿ ಜಾಸ್ತಿ ಹಾಕೋದು ಇದನ್ನೇ, ಅಂದರೆ ಎದುರಿಗೆ ಕೂತವರ ಜೊತೆ ಆಡಿದ ಮಾತನ್ನು. ಅದಕ್ಕೆ ಕ್ರೌಡ್ ವರ್ಕ್ ಅನ್ನುತ್ತಾರೆ. ಬರೆದು, ತಿಂಗಳುಗಟ್ಟಲೆ ತಿದ್ದಿದ ಜೋಕನ್ನು ಹಾಕಿಬಿಟ್ಟರೆ ಅದು ಖರ್ಚಾಗಿಹೋಗುತ್ತದೆ, ಮುಂದಿನ ಶೋದಲ್ಲಿ ಯಾರೂ ನಗೋದಿಲ್ಲ. ಕ್ರೌಡ್ ವರ್ಕ್ ಆ ಒಂದು ರಾತ್ರಿಯದು, ಅದನ್ನು ಹಾಕಿದರೆ ಅವರಿಗೆ ನಷ್ಟ ಇಲ್ಲ. ಆದರೆ ನಿಮ್ಮ ಗೆಳೆಯನಿಗೆ? ಎಂಬತ್ತು ಜನ ನಕ್ಕದ್ದು ಒಂದು. ಅವನ ಊರಿನ ಡೈರಿ ಮುಂದೆ ಹಾಲು ಹಾಕೋಕೆ ನಿಂತವರು ಮೊಬೈಲ್‌ನಲ್ಲಿ ಅದನ್ನು ನೋಡೋದು ಬೇರೆ. ಮರ್ಯಾದೆಯಿಂದ ಕೇಳಿದರೆ ಬಹಳಷ್ಟು ಕಾಮಿಡಿಯನ್‌ಗಳು ಒಪ್ಪುತ್ತಾರೆ. ಈಗಾಗಲೇ ಹಾಕಿದ್ದರೆ ತೆಗೆಸಿ.

ಈಗ ನಿಮ್ಮ ಪ್ರಶ್ನೆ. ಕಾಮಿಡಿಯನ್ ಮೇಲೆ ಬಂದು ಮೊದಲು ಕೇಳೋದೇ ಯಾವ ಊರು, ಏನು ಕೆಲಸ, ಮದುವೆ ಆಗಿದೆಯಾ ಅಂತ. ಎಲ್ಲರಿಗೂ ಉತ್ತರ ಇರುವ ಪ್ರಶ್ನೆಗಳು ಅವು. ಸಿಕ್ಕ ಉತ್ತರ ಹಿಡಿದುಕೊಂಡು ಅಲ್ಲೇ ಕಟ್ಟಬೇಕು. ಒಂದು ಮಾತಿಗೆ ಜೋರು ನಗು ಬಂದರೆ ಅದನ್ನು ಕೊನೆವರೆಗೂ ಕೈಯಲ್ಲಿ ಇಟ್ಟುಕೊಂಡು, ಜನ ಮರೆತರು ಅನ್ನುವ ಹೊತ್ತಿಗೆ ಮತ್ತೆ ಎಸೆಯುತ್ತಾರೆ. ಅದಕ್ಕೆ ಕಾಲ್‌ಬ್ಯಾಕ್ ಅನ್ನೋದು. ‘ಹದಿನೇಳು’ ಮೂರು ಸಲ ವಾಪಸ್ ಬಂದದ್ದು ಹಾಗೆ. ಒಳ್ಳೆಯವರು, ಅನುಭವ ಇರುವವರು, ಎದುರಿಗಿದ್ದವರ ಮುಖ ನೋಡುತ್ತಲೇ ಇರುತ್ತಾರೆ. ಮುಖ ಬಿಗಿಯಾಯಿತು ಅಂದರೆ ಇನ್ನೊಬ್ಬರ ಕಡೆ ತಿರುಗುತ್ತಾರೆ, ಇಲ್ಲವೇ ತಮ್ಮನ್ನೇ ಗೇಲಿ ಮಾಡಿಕೊಂಡು ಅವರನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಶೋದಲ್ಲಿ ಅದು ಆಗಲಿಲ್ಲ. ಅಷ್ಟರ ಮಟ್ಟಿಗೆ ಅವರದೂ ತಪ್ಪಿದೆ.

ಆದರೆ ‘ಇಲ್ಲ’ ಅನ್ನುವ ಒಂದು ಮಾತಿಂದ ಅವರು ಎಷ್ಟು ದೂರ ಹೋಗುತ್ತಿದ್ದರು? ಒಂದು ನಿಮಿಷ, ಆಮೇಲೆ ಪಕ್ಕದವರು. ಅವರಿಗೆ ನಿಮ್ಮ ಗೆಳೆಯ ಯಾರೋ ಏನೋ. ಹದಿನೇಳು ಅನ್ನುವ ಲೆಕ್ಕ ಆ ಹಾಲ್‌ನಲ್ಲಿ ಗೊತ್ತಿದ್ದದ್ದು ನಿಮ್ಮ ನಾಲ್ವರಿಗೆ ಮಾತ್ರ. ಅದನ್ನು ಅವನು ನಿಮಗೆ ಯಾವಾಗ ಹೇಳಿದ್ದ, ಒಂದ್ಸಲ ನೆನಪು ಮಾಡಿಕೊಳ್ಳಿ. ರಾತ್ರಿ ಫೋನ್‌ನಲ್ಲಿ ಹೇಳಿದ್ದನಾ? ಹೇಳುವಾಗ ನಗುತ್ತಿದ್ದನಾ?

ನೀವು ಬೆಂಗಳೂರಲ್ಲಿ ಇದ್ದೀರಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪೇಪರ್‌ನಲ್ಲಿ ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಬಂತು, ತುಂಬಾ ಜನ ಓದಿ ನಕ್ಕರು. ನಡೆದವರು ಮೂವತ್ತು ದಾಟಿದ ರೈತರ ಮಕ್ಕಳು. ಹೊಲ ಇದೆ, ಮನೆ ಇದೆ, ದುಡಿಯುವ ಕೈ ಇದೆ, ಆದರೆ ಹುಡುಗ ವ್ಯವಸಾಯ ಮಾಡುತ್ತಾನೆ ಅಂದ ತಕ್ಷಣ ಹೆಣ್ಣಿನ ಮನೆಯವರು ಕಾಫಿ ಲೋಟ ಕೆಳಗಿಡುತ್ತಾರೆ. ಮಕ್ಕಳು ನಮ್ಮ ಹಾಗೆ ಕಷ್ಟಪಡೋದು ಬೇಡ ಅಂತ ಅವರ ಯೋಚನೆ, ಅವರನ್ನೂ ಬೈಯೋಕಾಗಲ್ಲ. ಹದಿನೇಳು ಅಂದರೆ ಏನು? ಹದಿನೇಳು ಸಲ ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಹುಷಾರಿಲ್ಲದ ಅಪ್ಪನನ್ನು ಕಾರಲ್ಲಿ ಕೂರಿಸಿಕೊಂಡು ಇನ್ನೊಬ್ಬರ ಹಾಲ್‌ನಲ್ಲಿ ಹೋಗಿ ಕೂತಿದ್ದಾನೆ. ಆಮೇಲೆ ‘ತಿಳಿಸುತ್ತೇವೆ’ ಅನ್ನಿಸಿಕೊಂಡು ಬಂದಿದ್ದಾನೆ. ಅವನು ಅಪ್ಪನಿಗಾಗಿ ಕೆಲಸ ಬಿಟ್ಟವನು. ಆ ಮಾತಿಗೇ ಎಂಬತ್ತು ಜನ ನಕ್ಕರು, ಅವನು ನಂಬಿದವರೇ ಅದನ್ನು ಎತ್ತಿಕೊಟ್ಟರು.

ಅವನೂ ನಗುತ್ತಿದ್ದ ಅಂತ ಬರೆದಿದ್ದೀರಿ. ನಗದೆ ಏನು ಮಾಡಬೇಕಿತ್ತು? ಮುಖದ ಮೇಲೆ ಲೈಟ್ ಬಿದ್ದಾಗ, ಹಿಂದೆ ಅಷ್ಟೊಂದು ಜನ ನಗುತ್ತಿರುವಾಗ, ಎದ್ದು ಹೋದರೆ ಅದೇ ಇನ್ನೊಂದು ಜೋಕಾಗುತ್ತದೆ.

ಇದನ್ನು ನಾನು ಬೇರೆಯವರ ಕತೆ ಅಂತ ಹೇಳುತ್ತಿಲ್ಲ. ಐದಾರು ವರ್ಷದ ಹಿಂದೆ ನಾನೂ ಒಬ್ಬ ಗೆಳತಿಯನ್ನು ಹೀಗೆ ಕರೆದುಕೊಂಡು ಹೋಗಿದ್ದೆ. ಏನು ಮಾಡುತ್ತೀರಿ ಅಂತ ಅವಳನ್ನು ಕೇಳಿದರು. ಅವಳು ಬಾಯಿ ತೆಗೆಯುವ ಮೊದಲೇ ನಾನು ‘ಸಿಎ ಪರೀಕ್ಷೆ ಬರೀತಾನೇ ಇದ್ದಾಳೆ’ ಅಂದೆ. ಆಮೇಲೆ ಹತ್ತು ನಿಮಿಷ ಅವಳು ಎಲ್ಲರ ಜೊತೆ ನಕ್ಕಳು. ಕೈ ಮಾತ್ರ ನೀರಿನ ಬಾಟಲಿ ಮೇಲಿನ ಲೇಬಲ್ ಕೀಳುತ್ತಿತ್ತು. ಮೊದಲು ಒಂದು ಮೂಲೆ ಎತ್ತಿದಳು. ಆಮೇಲೆ ಸಣ್ಣ ಸಣ್ಣ ಚೂರು. ಅಂಟು ಉಳಿದ ಕಡೆ ಉಗುರಿಂದ ಕೆರೆದಳು. ಶೋ ಮುಗಿದು ಲೈಟ್ ಹಾಕಿದಾಗ ಬಾಟಲಿ ಪೂರ್ತಿ ಬೋಳಾಗಿತ್ತು, ಅವಳ ದುಪಟ್ಟಾ ತುಂಬಾ ನೀಲಿ ಚೂರು. ನಾನು ಅದನ್ನು ನೋಡಿದೆ, ಏನು ಅಂತ ಅರ್ಥ ಆಗಲಿಲ್ಲ. ಒಂದು ತಿಂಗಳು ಅವಳು ಮಾತಾಡದೇ ಇದ್ದಾಗ ಅರ್ಥ ಆಯಿತು. ಅವಳ ಮನೆಗೇ ಹೋದೆ. ‘ನಿನ್ನ ಪರೀಕ್ಷೆ ವಿಷಯ ನನ್ನದಲ್ಲ, ನಾನು ಹೇಳಬಾರದಿತ್ತು’ ಅಂದೆ. ಬೇರೇನೂ ಹೇಳೋಕೆ ತೋಚಲಿಲ್ಲ. ಅವಳು ಒಳಗೆ ಹೋಗಿ ಟೀ ಇಟ್ಟಳು.

ನೀವೂ ಹೋಗಿ. ಮಂಡ್ಯ ಏನು ದೂರ, ನೂರು ಕಿಲೋಮೀಟರ್. ನಾಲ್ವರೂ ಒಟ್ಟಿಗೆ ಹೋಗಬೇಡಿ, ಪಂಚಾಯ್ತಿ ಮಾಡಲು ಬಂದ ಹಾಗೆ ಕಾಣುತ್ತದೆ. ಕೂಗಿದ್ದು ನೀವು, ನೀವೊಬ್ಬರೇ ಹೋಗಿ. ಮನೆಯವರ ಎದುರಿಗೆ ಈ ಮಾತು ಎತ್ತಬೇಡಿ, ಅವನ ಅಪ್ಪ ಅಮ್ಮನಿಗೆ ಇದೆಲ್ಲ ಗೊತ್ತಾಗೋದು ಬೇಡ. ಗದ್ದೆ ಕಡೆ ಹೋಗೋಣ ಬಾ ಅನ್ನಿ. ‘ನಿನಗೆ ಬೇಜಾರಾಗಿದ್ದರೆ ಸಾರಿ’ ಅನ್ನಬೇಡಿ. ‘ಬರೀ ಜೋಕು ಮಗಾ’ ಅಂತಂತೂ ಅನ್ನಲೇಬೇಡಿ. ಹೇಳಬಾರದಿತ್ತು ಹೇಳಿದೆ ಅನ್ನಿ, ಸಾಕು. ರೀಲ್ಸ್ ವಿಷಯ ನೀವಾಗಿಯೇ ಹೇಳಿ, ಅವನು ಆ ರಾತ್ರಿಯಿಂದ ಅದನ್ನೇ ಯೋಚನೆ ಮಾಡುತ್ತಾ ಇರಬಹುದು. ಅವನನ್ನು ಕೇಳದೆ ಗ್ರೂಪ್‌ಗೆ ಮತ್ತೆ ಸೇರಿಸಬೇಡಿ. ಆ ದಿನವೇ ಸರಿಹೋಗದೆ ಇದ್ದರೂ ಬೇಜಾರು ಮಾಡಿಕೊಳ್ಳಬೇಡಿ. ಅವನು ಎಷ್ಟು ದಿನ ತಗೊಂಡರೂ ತಗೊಳ್ಳಲಿ.

ಇಷ್ಟಕ್ಕೆಲ್ಲ ಮುನಿಸಾ ಅಂದ ಆ ಗೆಳೆಯನಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಶೋ ಶುರುವಾಗಿ ಹತ್ತು ನಿಮಿಷಕ್ಕೆ ಒಳಗೆ ಹೋದೆವು, ಸಿಲ್ಕ್ ಬೋರ್ಡ್ ಟ್ರಾಫಿಕ್. ಕಾಮಿಡಿಯನ್ ಮಾತು ನಿಲ್ಲಿಸಿ ನಮ್ಮನ್ನೇ ಹಿಡಿದುಕೊಂಡರು. ಇದು ಸರಿಯಾ?

ಸರಿ ಅಂತಲೇ ನನಗೆ ಅನ್ನಿಸುತ್ತದೆ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಾಗಿಲೇ ತೆಗೆಯೋದಿಲ್ಲ. ಅದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ, ಟ್ರಾಫಿಕ್ ನೆಪ ಅಲ್ಲಿ ನಡೆಯೋದಿಲ್ಲ. ಸ್ಟ್ಯಾಂಡಪ್‌ನಲ್ಲಿ ಒಳಗೆ ಬಿಡುತ್ತಾರೆ. ಆದರೆ ಕತ್ತಲಲ್ಲಿ ನಾಲ್ಕು ಜನ ಬಗ್ಗಿಕೊಂಡು ಸೀಟು ಹುಡುಕುತ್ತಿದ್ದರೆ ಎಲ್ಲರ ಕಣ್ಣೂ ಆ ಕಡೆಯೇ ಹೋಗುತ್ತದೆ. ಅವರು ಮಾತಾಡಿಸದೇ ಬಿಟ್ಟರೆ ಹೇಳುತ್ತಿದ್ದ ಜೋಕು ಹಾಳಾಗುತ್ತದೆ. ಶನಿವಾರ ಸಂಜೆ ಒಂದು ಗಂಟೆ ಮೊದಲೇ ಹೊರಡಿ.

ಪ್ರಶ್ನೆ: ಅದೇ ಕಾಮಿಡಿಯನ್‌ನ ವಿಡಿಯೋ ಮನೆಯಲ್ಲಿ ನೋಡಿದಾಗ ಸುಮ್ನೆ ತುಟಿ ಅಲ್ಲಾಡಿತು ಅಷ್ಟೇ. ಗೆಳತಿಯರ ಜೊತೆ ಶೋಗೆ ಹೋದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೋಕು ಅವೇ. ಹೀಗೆ ಯಾಕೆ? (ಮೈಸೂರಿನ ಓದುಗಿ)

ಎಷ್ಟು ಒಳ್ಳೆ ಪ್ರಶ್ನೆ! ಅಮೆರಿಕದಲ್ಲಿ ರಾಬರ್ಟ್ ಪ್ರೊವೈನ್ ಅಂತ ಒಬ್ಬ ವಿಜ್ಞಾನಿ ಇದ್ದರು. ನಗುವಿನ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ನಾವು ಒಬ್ಬರೇ ಇದ್ದಾಗ ನಗುವುದಕ್ಕಿಂತ ಬೇರೆಯವರ ಜೊತೆ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತ ಅವರು ಕಂಡುಕೊಂಡರು. ಜನ ಓಡಾಡುವ ಕಡೆ ನಿಂತು ಯಾರು ಯಾವಾಗ ನಗುತ್ತಾರೆ ಅಂತ ಬರೆದುಕೊಂಡರಂತೆ. ನೋಡಿದರೆ ಬಹುಪಾಲು ನಗು ಜೋಕಿಗೆ ಬಂದದ್ದೇ ಅಲ್ಲ, ‘ಆಯ್ತು ಬರ್ತೀನಿ’, ‘ಹೌದಾ’ ಅನ್ನುವಂಥ ಸಾದಾ ಮಾತಿಗೆ ಬಂದದ್ದು.

ಶೋ ನಡೆಸುವವರಿಗೆ ಇದು ಪುಸ್ತಕ ಓದದೆಯೂ ಗೊತ್ತು. ಅದಕ್ಕೇ ಸಣ್ಣ ರೂಮು, ಒಂದಕ್ಕೊಂದು ತಾಗಿದ ಕುರ್ಚಿಗಳು, ಕತ್ತಲು. ಅದಕ್ಕೇ ಮುಂದಿನ ಸಾಲು ಖಾಲಿ ಬಿಡಬೇಡಿ ಅಂತ ಅಷ್ಟು ಹೇಳೋದು. ಮಧ್ಯೆ ಮಧ್ಯೆ ಖಾಲಿ ಕುರ್ಚಿ ಇದ್ದರೆ ನಗು ಅಲ್ಲೇ ನಿಂತುಬಿಡುತ್ತದೆ, ಪಕ್ಕಕ್ಕೆ ಹೋಗಲ್ಲ. ನಿಮ್ಮ ಗೆಳತಿ ನಕ್ಕಾಗ ಅವಳ ಭುಜ ನಿಮಗೆ ತಾಗಿತ್ತಲ್ಲ, ಮನೆಯ ಸೋಫಾದಲ್ಲಿ ಅದು ಇರಲಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಹೋಗಿದ್ದೇವೆ, ಎರಡು ನಿಮಿಷ ರೆಕಾರ್ಡ್ ಮಾಡಿದರೆ ಏನು ತಪ್ಪು?

ತಪ್ಪೇ. ನೀವು ನೋಡುತ್ತಿರುವ ಜೋಕು ಇನ್ನೂ ಬೇಯುತ್ತಿರುತ್ತದೆ. ಇವತ್ತು ಒಂದು ಪದ ಬದಲಾಯಿಸಿ, ನಾಳೆ ಇನ್ನೊಂದು ತೆಗೆದು, ಹೀಗೆ ತಿಂಗಳುಗಟ್ಟಲೆ ಮಾಡಿದ ಮೇಲೆ ಅದು ಒಂದು ಹದಕ್ಕೆ ಬರೋದು. ನೀವು ಅರ್ಧ ಬೆಂದದ್ದನ್ನು ಎಲ್ಲರಿಗೂ ಕಳಿಸಿದರೆ ಅವರ ಅಷ್ಟು ದಿನದ ಕೆಲಸ ಹೋಯಿತು. ಹೊರಗಡೆ, ಅಮೆರಿಕದ ಕಾಮಿಡಿಯನ್ ಡೇವ್ ಶಾಪೆಲ್ ಶೋಗಳಲ್ಲಿ ಬಾಗಿಲಲ್ಲೇ ಫೋನನ್ನು ಚೀಲಕ್ಕೆ ಹಾಕಿ ಲಾಕ್ ಮಾಡಿಬಿಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬಾಯಿಮಾತಲ್ಲೇ ಕೇಳುತ್ತಾರೆ. ಕೇಳಿದ್ದಕ್ಕೆ ಬೆಲೆ ಕೊಡೋಣ.

ಪ್ರಶ್ನೆ: ನಮ್ಮ ಗೆಳೆಯರ ಗುಂಪಿನ್ಯಾಗ ನಗಿಸಾಂವ ನಾನs ರೀ. ಎಲ್ಲಾರೂ ಸ್ಟೇಜ್ ಹತ್ತು ಅಂತಾರ. ನಂದು ಪಕ್ಕಾ ಧಾರವಾಡ ಭಾಷಾ. ಬೆಂಗಳೂರಾಗ ನಡೀತದೇನ್ರಿ? (ಧಾರವಾಡದ ಓದುಗ)

ನಡೆಯುತ್ತದೆ, ಯಾಕೆ ನಡೆಯೋದಿಲ್ಲ? ಪ್ರಾಣೇಶ್ ಅವರು ತಮ್ಮ ಉತ್ತರ ಕರ್ನಾಟಕದ ಮಾತಲ್ಲೇ ಮೈಸೂರು ಮಂಗಳೂರಿನವರನ್ನೆಲ್ಲ ನಗಿಸಿದ್ದಾರೆ. ದಯವಿಟ್ಟು ಬೆಂಗಳೂರಿಗೆ ಬಂದು ಭಾಷೆ ಬದಲಾಯಿಸಿಕೊಳ್ಳಬೇಡಿ. ನಿಮ್ಮ ಹತ್ತಿರ ಇರುವುದೇ ಅದು.

ಶುರು ಮಾಡಬೇಕಾದದ್ದು ಓಪನ್ ಮೈಕ್‌ನಲ್ಲಿ, ಅಂದರೆ ಹೊಸಬರೂ ಸ್ಟೇಜ್ ಹತ್ತಬಹುದಾದ ಶೋದಲ್ಲಿ. ಮೊದಲೇ ಹೆಸರು ಬರೆಸಬೇಕು, ನಾಲ್ಕೋ ಐದೋ ನಿಮಿಷ ಕೊಡುತ್ತಾರೆ. ಟೈಮ್ ಮುಗಿಯುತ್ತಾ ಬಂದಾಗ ಹಿಂದುಗಡೆಯಿಂದ ಒಂದು ಲೈಟ್ ತೋರಿಸುತ್ತಾರೆ, ಅದು ಕಂಡ ಮೇಲೆ ಬೇಗ ಮುಗಿಸಿ ಇಳಿಯಬೇಕು. ಇಳಿಯದೆ ಮಾತಾಡುತ್ತಲೇ ಇದ್ದರೆ ಮುಂದಿನ ಸಲ ಕರೆಯೋದು ಕಷ್ಟ, ಯಾಕೆಂದರೆ ನಿಮ್ಮ ಹಿಂದೆ ಇನ್ನೂ ಹತ್ತು ಜನ ಅಂಗೈಯಲ್ಲಿ ಚೀಟಿ ಹಿಡಿದುಕೊಂಡು ನಿಂತಿರುತ್ತಾರೆ. ಮೈಕ್ ಕೈಗೆ ತಗೊಂಡ ತಕ್ಷಣ ಸ್ಟ್ಯಾಂಡ್ ಎತ್ತಿ ಹಿಂದೆ ಇಡಿ. ಹೊಸಬರು ಅದನ್ನು ಮುಂದೆಯೇ ಬಿಟ್ಟುಕೊಂಡು ಕಂಬದ ಹಿಂದೆ ನಿಂತ ಹಾಗೆ ಮಾತಾಡುತ್ತಾರೆ.

ಗೆಳೆಯರ ಮಧ್ಯೆ ನಗಿಸುವುದೇ ಬೇರೆ, ಇದೇ ಬೇರೆ ಅನ್ನೋದು ಮೊದಲ ರಾತ್ರಿಯೇ ತಿಳಿಯುತ್ತದೆ. ಗೆಳೆಯರಿಗೆ ನಿಮ್ಮ ಮಾಸ್ತರ್ ಗೊತ್ತು, ನಿಮ್ಮ ಓಣಿ ಗೊತ್ತು, ಹೆಸರು ಹೇಳಿದರೆ ಸಾಕು ನಗುತ್ತಾರೆ. ಇಲ್ಲಿ ಕೂತವರಿಗೆ ಆ ಮಾಸ್ತರನ್ನು ಎರಡೇ ವಾಕ್ಯದಲ್ಲಿ ಕಾಣಿಸಬೇಕು. ಅವರು ಕೈಯಲ್ಲಿ ಸೀಮೆಸುಣ್ಣ ಹೇಗೆ ಹಿಡಿಯುತ್ತಿದ್ದರು, ಸಿಟ್ಟು ಬಂದಾಗ ಯಾವ ಮಾತಿಂದ ಶುರು ಮಾಡುತ್ತಿದ್ದರು, ಅದು ಬೇಕು. ವಾಟ್ಸಾಪ್‌ನಲ್ಲಿ ಬಂದದ್ದು ಒಂದೂ ಬೇಡ. ಮೊದಲ ಮೂರು ನಾಲ್ಕು ಸಲ ಯಾರೂ ನಗದೇ ಇರಬಹುದು. ಪ್ರತಿ ಸಲ ಫೋನ್‌ನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ, ಮನೆಗೆ ಬಂದು ಎಲ್ಲಿ ನಗು ಬಂತು ಅಂತ ಗುರುತು ಹಾಕಿಕೊಳ್ಳಿ. ನಿಮ್ಮ ಗೆಳೆಯರನ್ನು ಮೊದಲ ದಿನ ಕರೆದುಕೊಂಡು ಹೋಗಬೇಡಿ, ಅವರು ಪ್ರೀತಿಯಿಂದ ಎಲ್ಲದಕ್ಕೂ ನಕ್ಕು ನಿಮ್ಮ ಲೆಕ್ಕ ತಪ್ಪಿಸುತ್ತಾರೆ.

ಪ್ರಶ್ನೆ: ನನಗೆ ನೋಡುವ ಆಸೆ. ಗೆಳತಿಯರಿಗೆಲ್ಲ ಮದುವೆ ಆಗಿ ಮಕ್ಕಳು, ಯಾರೂ ಬರೋದಿಲ್ಲ. ಒಬ್ಬಳೇ ಹೋದರೆ ಚೆನ್ನಾಗಿರುತ್ತಾ? (ಬಸವನಗುಡಿಯಿಂದ)

ಹೋಗಿ, ಏನೂ ಆಗಲ್ಲ. ಒಬ್ಬರೇ ಬರುವವರು ಎಲ್ಲ ಶೋದಲ್ಲೂ ಇರುತ್ತಾರೆ, ಕತ್ತಲಲ್ಲಿ ಕಾಣೋದಿಲ್ಲ ಅಷ್ಟೇ. ಆರು ಏಳು ಗಂಟೆಗೆ ಶುರುವಾಗುವ ಶೋ ನೋಡಿ ಬುಕ್ ಮಾಡಿ, ವಾಪಸ್ ಮೆಟ್ರೋದಲ್ಲಿ ಬರಬಹುದು. ಮಾತಾಡಿಸೋದು ಇಷ್ಟ ಇಲ್ಲದಿದ್ದರೆ ಮೂರನೇ ಸಾಲಿನ ಹಿಂದೆ ಕೂತುಕೊಳ್ಳಿ. ಮಾತಾಡಿಸಿದರೂ ‘ಬೇಡ ಸರ್’ ಅಂದರೆ ಬಿಡುತ್ತಾರೆ. ಬ್ಯಾಗ್ ಪಕ್ಕದ ಕುರ್ಚಿ ಮೇಲೆ ಇಡಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ, ಅಲ್ಲಿ ಯಾರಾದರೂ ಬಂದು ಕೂರುತ್ತಾರೆ.